ಇಟ್ಟಿಗೆ ಭಟ್ಟಿಯ ಮುಂಗಡ ತೀರಿಸಲು ಸಾಲ ಮಾಡಬೇಡಿ

ಅಣ್ಣಾ, ಭಟ್ಟಿಯವರು ಬಿಡುತ್ತಿಲ್ಲ, ತಮ್ಮನ 40,000 ರೂಪಾಯಿ ಮುಂಗಡ ತೀರಿಸಲು ದೇವದುರ್ಗದಲ್ಲಿ ಮೈಕ್ರೋಫೈನಾನ್ಸ್ ಸಾಲ ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ಮುಂಗಡ ತೀರುವ ತನಕ ಹೋಗಬೇಡ ಅಂತ ತಡೆದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಆ ಸಾಲವೇ ರದ್ದು. ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ಭಟ್ಟಿ ಇರುವ ಜಿಲ್ಲೆಯ ಜಿಲ್ಲಾಧಿಕಾರಿಗೆ ಇವತ್ತೇ ಅರ್ಜಿ ಕೊಡಿ. ಜೀತದಿಂದ ಬಿಡಿಸಲಾಗಿದೆ ಎಂಬ ಬಿಡುಗಡೆ ಪತ್ರ ಕೈಗೆ ಬರುವವರೆಗೆ ಬಿಡಬೇಡಿ, ಪುನರ್ವಸತಿಗೆ ಅದೇ ಆಧಾರ.

ಸಣ್ಣ ಸಾಲ ಕೆಲಸಕ್ಕೆ ಬರುವುದು ಮುಂಗಡ ಹಿಡಿಯುವ ಮುಂಚೆ. ನಮ್ಮ ಓಣಿಯ ಅಕ್ಕನೊಬ್ಬರ ಮಗಳಿಗೆ ಡೆಂಗಿ ಬಂತು. ಆಸ್ಪತ್ರೆಗೆ 6,000 ಬೇಕಿತ್ತು. ಭಟ್ಟಿಗೆ ಆಳು ಕರೆದೊಯ್ಯುವ ಮೇಸ್ತ್ರಿ ಅದೇ ರಾತ್ರಿ ಮುಂಗಡದ ದುಡ್ಡು ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಕ್ಕ ಸ್ವಸಹಾಯ ಸಂಘದ ಉಳಿತಾಯದಿಂದ ತಗೊಂಡರು, ಊರಲ್ಲೇ ಉಳಿದರು. ಆ ರಾತ್ರಿ ಸಂಘ ಇರದಿದ್ದರೆ ಇಡೀ ಮನೆಯೇ ಭಟ್ಟಿಗೆ ಹೋಗುತ್ತಿತ್ತು.

ಆದರೆ ಮೈಕ್ರೋಫೈನಾನ್ಸಿನ ವಾರದ ಕಂತಿನ ಸಾಲ ಬೇರೆ ಮಾತು. ಭಟ್ಟಿಯಲ್ಲಿ ಲೆಕ್ಕ ಆಗುವುದು ಹಂಗಾಮಿನ ಕೊನೆಗೆ, ಕಂತು ಮಾತ್ರ ವಾರ ವಾರ. ಕಂತು ಕಟ್ಟಲು ಮತ್ತೆ ಮುಂಗಡ ಹಿಡಿದವರನ್ನು ನೋಡಿದ್ದೇನೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮನೆಯ ಎಲ್ಲಾ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು.

ಭಟ್ಟಿ ಯಾವ ತಾಲೂಕಿನಲ್ಲಿದೆ ತಿಳಿಸಿ. ಅರ್ಜಿ ನಾನೇ ಬರೆದುಕೊಡುತ್ತೇನೆ.