ಗಟಾರದ ಮುಚ್ಚಳ ಯಾರ ಸರಹದ್ದು?

ಪ್ರಶ್ನೆ: ಟೀಚರೇ, ನಮಸ್ಕಾರ. ಲಂಡನ್ನಿನಲ್ಲಿರುವ ಮಗ ಮೊನ್ನೆ ಫೋನಿನಲ್ಲಿ ‘ಇಲ್ಲಿ ನಡೆಯೋದೆಲ್ಲ ಕ್ವಾಂಗೋಕ್ರಸಿ’ ಎಂದ. ಹಾಗೆಂದರೇನು? ನಮ್ಮ ಮುಂಬಯಿಗೂ ಆ ಮಾತು ಹೊಂದುತ್ತದೆಯೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಮಗನ ಮಾತಿನಲ್ಲಿ ಸಿಟ್ಟಿದೆ, ಅದು ಸಿಟ್ಟಿನಲ್ಲಿ ಆಡುವ ಪದವೇ. ಸರ್ಕಾರ ತಾನೇ ನೇಮಿಸಿ, ದುಡ್ಡು ಕೊಟ್ಟು, ದಿನನಿತ್ಯದ ಕೆಲಸದಿಂದ ಮಾತ್ರ ದೂರ ನಿಲ್ಲುವ ಮಂಡಳಿಗೆ ಬ್ರಿಟನ್ನಿನಲ್ಲಿ ‘ಕ್ವಾಂಗೋ’ ಎನ್ನುತ್ತಾರೆ. ‘ಅರೆ ಸ್ವಾಯತ್ತ ಸರ್ಕಾರೇತರ ಸಂಸ್ಥೆ’ ಎಂಬರ್ಥದ ಇಂಗ್ಲಿಷ್ ಪದಗಳನ್ನು ಮೊಟಕುಗೊಳಿಸಿ ಕಟ್ಟಿದ್ದು. ಮತ ಕೇಳದ ಇಂಥ ಮಂಡಳಿಗಳೇ ರಾಜ್ಯಭಾರ ಮಾಡತೊಡಗಿದರೆ ಅದು ಕ್ವಾಂಗೋಕ್ರಸಿ. ಅಧಿಕಾರಶಾಹಿ ಎನ್ನುವ ಹಾಗೆ ನಾನಿದನ್ನು ಮಂಡಳಿಶಾಹಿ ಎನ್ನುತ್ತೇನೆ.

ಅಲ್ಲಿಯ ಜಗಳ ಹಳೆಯದು. 1980ರ ಪ್ಲಿಯಾಟ್ಸ್ಕಿ ವರದಿ ಇಂಥವನ್ನು ಎರಡು ಸಾವಿರಕ್ಕೂ ಮಿಕ್ಕಿ ಎಣಿಸಿತ್ತು. 2010ರಲ್ಲಿ ಕ್ಯಾಮರೂನ್ ಸರ್ಕಾರ 192 ಮಂಡಳಿಗಳನ್ನು ರದ್ದು ಮಾಡುವುದಾಗಿ ಸಾರಿತು. ನನಗೆ ಹತ್ತಿರದ್ದಾಗಿ ಕಾಣುವುದು ಮಾತ್ರ ಲಂಡನ್ನಿನ ಹಳೆಯ ಹಡಗುಕಟ್ಟೆಗಳ ಕಥೆ. 1981ರಲ್ಲಿ ಥ್ಯಾಚರ್ ಸರ್ಕಾರ ಅಲ್ಲಿಗೊಂದು ಅಭಿವೃದ್ಧಿ ನಿಗಮ ಮಾಡಿ, ಕಟ್ಟಡಗಳಿಗೆ ಪರವಾನಗಿ ಕೊಡುವ ಅಧಿಕಾರವನ್ನು ಚುನಾಯಿತ ಸ್ಥಳೀಯ ಕೌನ್ಸಿಲ್‌ಗಳ ಕೈಯಿಂದ ತೆಗೆದು ಅದಕ್ಕೆ ಒಪ್ಪಿಸಿತು. ಕ್ಯಾನರಿ ವಾರ್ಫ್ ಗೋಪುರಗಳು ಎದ್ದದ್ದು ಹಾಗೆ.

ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳ ಮುಂದೆ ನಿಂತಾಗ ಇದೇ ನೆನಪಾಗುತ್ತದೆ. ಅಲ್ಲಿ ಯೋಜನೆಯ ಅಧಿಕಾರ ಮುಂಬಯಿ ಪಾಲಿಕೆಯದಲ್ಲ, 1975ರಲ್ಲಿ ಹುಟ್ಟಿದ ಎಂಎಂಆರ್‌ಡಿಎಯದು, ಅಂದರೆ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ್ದು. ಅದರಲ್ಲಿ ಮಂತ್ರಿಗಳೂ ಕೆಲವು ಜನಪ್ರತಿನಿಧಿಗಳೂ ಕೂರುತ್ತಾರೆ, ನಿಜ. ಆದರೆ ಆ ಕುರ್ಚಿಗೆಂದು ನೀವು ಮತ ಹಾಕಿದ್ದಿಲ್ಲ, ನಾನೂ ಹಾಕಿದ್ದಿಲ್ಲ. ಸಂವಿಧಾನದ 74ನೇ ತಿದ್ದುಪಡಿ ಮಹಾನಗರ ಯೋಜನಾ ಸಮಿತಿಯಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲು ಸದಸ್ಯರನ್ನು ಸ್ಥಳೀಯ ಚುನಾಯಿತರು ತಮ್ಮೊಳಗಿಂದಲೇ ಆರಿಸಬೇಕು ಎನ್ನುತ್ತದೆ. ಆ ಮಾತಿಗೆ ಬೆಲೆ ಬರಬೇಕು.

ಇನ್ನು ಪಾಲಿಕೆಯನ್ನೇ ನೋಡಿ. 227 ನಗರಸೇವಕರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ಅಲ್ಲಿಯವರೆಗೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯದೇ ಬಜೆಟ್ಟು, ಅವರದೇ ಮಂಜೂರಾತಿ. ನಿಮ್ಮ ಕಲ್ಯಾಣ-ಡೊಂಬಿವಲಿಯಲ್ಲಂತೂ 2020ರಿಂದಲೇ ಹೀಗಿತ್ತು.

ಆ ವರ್ಷಗಳಲ್ಲಿ ನಮ್ಮ ಗಲ್ಲಿಯ ಬಾಯಲ್ಲೇ ಗಟಾರದ ಮುಚ್ಚಳ ಒಡೆಯಿತು. ಮಳೆ ನೀರು ನಿಂತರೆ ಬಾಯಿ ಕಾಣುತ್ತಿರಲಿಲ್ಲ. ಯಾರೋ ಬಿದಿರು ನೆಟ್ಟು ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಮಕ್ಕಳು ಅದನ್ನು ಹಿಡಿದುಕೊಂಡೇ ಶಾಲೆಗೆ ದಾಟುತ್ತಿದ್ದವು. ಅರ್ಜಿ ಬರೆದು ಹೋದೆ. ಒಂದು ಕಚೇರಿ ‘ರಸ್ತೆ ನಮ್ಮದಲ್ಲ’ ಎಂದಿತು, ಎರಡನೆಯದು ‘ಗಟಾರ ನಮ್ಮದಲ್ಲ’ ಎಂದಿತು, ಮೂರನೆಯದು ‘ಕೆಲಸ ಮುಗಿದಿದೆ, ಹಸ್ತಾಂತರ ಆಗಿಲ್ಲ’ ಎಂದಿತು. ಒಂದೇ ಕಾಗದದ ಮೇಲೆ ಮೂರು ನೇರಳೆ ಮೊಹರು. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು, ಅದನ್ನು ಹೇಳಲೇಬೇಕು. ಕೊನೆಗೆ ನಾವೇ ವರ್ಗಣಿ ಎತ್ತಿ ಹಾಸುಗಲ್ಲು ಹಾಕಿಸಿದೆವು.

ಮೊದಲಾದರೆ ಬೆಳಗಿನ ಏಳು ಗಂಟೆಗೆ ನಗರಸೇವಕನ ಬಾಗಿಲು ತಟ್ಟುತ್ತಿದ್ದೆ. ಟವೆಲು ಹೆಗಲಿಗೆ ಹಾಕಿಕೊಂಡೇ ಹೊರಬಂದು ‘ಉದ್ಯಾ ಕರತೋ, ಬಾಯಿ’ ಎನ್ನುತ್ತಿದ್ದ, ನಾಳೆ ಮಾಡಿಸ್ತೇನೆ ಅಂತ. ಆ ನಾಳೆ ಕೆಲವೊಮ್ಮೆ ತಿಂಗಳಾಗುತ್ತಿತ್ತು. ಆದರೂ ನಮ್ಮ ಚಾಳಿನ ನಲವತ್ತು ಮನೆಗಳ ಮತ ಅವನಿಗೆ ಬೇಕಿತ್ತು. ಮೊಹರು ಒತ್ತುವ ಕೈಗೆ ಅದು ಬೇಡ.

ಹಾಗೆಂದು ಎಲ್ಲ ಮಂಡಳಿಯೂ ಚುನಾಯಿತವಾಗಬೇಕೆಂದು ನಾನು ಹೇಳುವವಳಲ್ಲ. ಚುನಾವಣಾ ಆಯೋಗ, ರಿಸರ್ವ್ ಬ್ಯಾಂಕು ಪಕ್ಷಗಳಿಂದ ದೂರವಿದ್ದಷ್ಟೂ ಒಳ್ಳೆಯದು. ತೀರ್ಪು ಹೇಳುವವರು ದೂರವಿರಲಿ. ನಮ್ಮ ರಸ್ತೆ ಅಗೆಯುವವರು, ಚಾಳು ಕೆಡವಿ ಕಟ್ಟಲು ಅಪ್ಪಣೆ ಕೊಡುವವರು ಕೈಗೆ ಸಿಗಬೇಕು.

ಆ ಕಾಗದ ಇನ್ನೂ ನನ್ನ ಹತ್ತಿರವಿದೆ. ನಾವು ಹಾಕಿಸಿದ ಹಾಸುಗಲ್ಲು ಬಿರುಕುಬಿಟ್ಟಿದೆ. ಚುನಾವಣೆ ಮುಗಿದ ಮೇಲೆ ಹೊಸ ನಗರಸೇವಕಿಯ ಬಳಿಗೆ ಆ ಕಾಗದವನ್ನೇ ಒಯ್ದೆ. ಆ ಜಾಗ ಯಾರದೆಂದು ಆಕೆಗೂ ಗೊತ್ತಿರಲಿಲ್ಲ. ನನ್ನನ್ನು ಕೂರಿಸಿಕೊಂಡು, ಮೊಹರುಗಳನ್ನು ಒಂದೊಂದಾಗಿ ಓದುತ್ತ, ಮೂರೂ ಕಚೇರಿಗೆ ಫೋನು ಹಚ್ಚಿದಳು.