ನಲವತ್ತೈದು ದಾಟಿದ್ಮೇಲೆ ನಮಗೆ ಕಲಿಸೋರು ಯಾರು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ. ವಯಸ್ಸಾಗಿದೆ, ಓದಿಲ್ಲ, ಈಗ ಏನಾದ್ರೂ ಕಲಿಯೋಕಾಗುತ್ತಾ, ಕಲಿತ್ರೆ ಯಾರಾದ್ರೂ ಕೆಲಸ ಕೊಡ್ತಾರಾ. ಎಲ್ಲರಿಗೂ ಬೇರೆಬೇರೆ ಬರೆಯೋಕಾಗಲ್ಲ, ಹೆಚ್ಚು ಜನಕ್ಕೆ ಉಪಯೋಗ ಆಗೋವು ನಾಲ್ಕು ತಗೊಂಡಿದೀನಿ. ಹೆಸರು ಹಾಕಿಲ್ಲ.

ಪ್ರಶ್ನೆ: ಸರ್, ನನ್ನ ವಯಸ್ಸು 44, ಕೋಲಾರ ತಾಲ್ಲೂಕು. ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾಂಟ್ರಾಕ್ಟ್ ಹೆಲ್ಪರ್. ಎಂಟನೇ ಕ್ಲಾಸ್ ಫೇಲ್. ಆಪರೇಟರ್ ರಜಾ ಹಾಕಿದ್ರೆ ಪ್ರೆಸ್ ಮಷಿನ್ ಓಡ್ಸೋದು ನಾನೇ, ಆದ್ರೆ ನನ್ನನ್ನೂ ಆಪರೇಟರ್ ಮಾಡಿ ಅಂತ ಕೇಳಿದ್ರೆ ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡ್ ಎಲ್ಲಿ ಅಂತಾರೆ. ಒಬ್ರು "ಒಂದೇ ತಿಂಗಳಲ್ಲಿ ಡೈರೆಕ್ಟ್ ಟೆಂತ್ ಪಾಸ್, 18 ಸಾವಿರ ಕೊಡಿ" ಅಂತಿದಾರೆ. ಕೊಡ್ಲಾ?

ಉತ್ತರ: ಕೊಡ್ಬೇಡಿ. ಪರೀಕ್ಷೆ ಬರೀದೆ ಬರೋ ಮಾರ್ಕ್ಸ್ ಕಾರ್ಡ್ ಯಾವ ಬೋರ್ಡ್‌ದು ಅಂತ ಅವ್ರನ್ನ ಕೇಳಿ ನೋಡಿ, ದೆಹಲಿ, ಉತ್ತರ ಪ್ರದೇಶ ಅಂತ ಯಾವುದೋ ಕೇಳಿರದ ಹೆಸರು ಹೇಳ್ತಾರೆ. ಕಂಪನಿಯವ್ರು ಇವತ್ತು ವೆರಿಫಿಕೇಶನ್ ಮಾಡ್ಸದೇ ಇರಬೋದು, ನಾಲ್ಕು ವರ್ಷ ಬಿಟ್ಟು ಮಾಡ್ಸಿದ್ರೆ ಇರೋ ಹೆಲ್ಪರ್ ಕೆಲಸಾನೂ ಹೋಗುತ್ತೆ, ಮೇಲೊಂದು ಕೇಸ್ ಬೇರೆ.

ಸರಿಯಾದ ದಾರಿ ಎರಡಿದೆ, ಎರಡಕ್ಕೂ ಗರಿಷ್ಠ ವಯಸ್ಸು ಅನ್ನೋದೇ ಇಲ್ಲ. ಒಂದು, ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿನೇ ಖಾಸಗಿ ಅಭ್ಯರ್ಥಿಯಾಗಿ ಕಟ್ಟೋದು. 15 ವರ್ಷ ತುಂಬಿದ್ರೆ ಸಾಕು. ಆದ್ರೆ ಆರು ವಿಷಯ, ಅದರಲ್ಲಿ ಗಣಿತ ವಿಜ್ಞಾನ ಎರಡೂ ಬಿಡೋಹಾಗಿಲ್ಲ, ಶಾಲೆ ಬಿಟ್ಟು ಮೂವತ್ತು ವರ್ಷ ಆದೋರಿಗೆ ಅದು ಕಷ್ಟನೇ, ಸುಳ್ಳು ಯಾಕೆ ಹೇಳ್ಲಿ. ಇನ್ನೊಂದು ಎನ್‌ಐಓಎಸ್, ಅಂದ್ರೆ ರಾಷ್ಟ್ರೀಯ ಮುಕ್ತ ಶಾಲೆ, ಕೇಂದ್ರ ಸರ್ಕಾರದ್ದು, 1989ರಿಂದ ಇದೆ. ಅಲ್ಲಿ ಐದು ವಿಷಯ, ಒಂದು ಭಾಷೆ ಇರ್ಲೇಬೇಕು, ಗಣಿತ ಕಡ್ಡಾಯ ಅಲ್ಲ. ಒಂದ್ಸಲ ಸೇರಿದ್ರೆ ಐದು ವರ್ಷ ಟೈಮು, ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂರ್ಬೋದು. ಈ ಸಲ ಎರಡು ಪಾಸು, ಮುಂದಿನ ಸಲ ಒಂದು, ಪಾಸಾಗಿದ್ದು ಪಾಸೇ, ಮತ್ತೆ ಬರೆಯೋದಿಲ್ಲ. ಎಂಟನೇ ಕ್ಲಾಸ್ ಪಾಸ್ ಸರ್ಟಿಫಿಕೇಟ್ ಇಲ್ದೋರು ನನಗೆ ಈ ಮಟ್ಟಕ್ಕೆ ಓದೋಕೆ ಬರುತ್ತೆ ಅಂತ ತಾವೇ ಬರ್ಕೊಟ್ರೂ ಸೇರಿಸ್ಕೋತಾರೆ. ಶಿಫ್ಟ್‌ನಲ್ಲಿ ದುಡಿಯೋರಿಗೆ ನಾನು ಹೇಳೋದು ಇದನ್ನೇ. ಸೇರೋ ಮುಂಚೆ ಸ್ಟಡಿ ಸೆಂಟರ್‌ನಲ್ಲಿ ಪುಸ್ತಕ ಮತ್ತೆ ಪ್ರಶ್ನೆಪತ್ರಿಕೆ ಯಾವ ಭಾಷೇಲಿ ಸಿಗುತ್ತೆ ಅಂತ ವಿಷಯ ವಿಷಯಕ್ಕೂ ಕೇಳ್ಕೊಳಿ, ಇದನ್ನ ಕೇಳದೆ ಫೀಸ್ ಕಟ್ಟಿ ಆಮೇಲೆ ಒದ್ದಾಡೋರು ತುಂಬಾ ಜನ.

ಆದ್ರೆ ಹತ್ತನೇ ಕ್ಲಾಸ್ ಮುಗಿಯೋಕೆ ಒಂದೆರಡು ವರ್ಷ ಅಂತೂ ಹಿಡಿಯುತ್ತೆ, ಅಲ್ಲೀವರೆಗೂ ಸುಮ್ನೆ ಕೂರ್ಬೇಡಿ. ನಿಮಗೆ ಕೆಲಸ ಬರುತ್ತೆ, ಬರುತ್ತೆ ಅನ್ನೋದಕ್ಕೆ ಕಾಗದ ಇಲ್ಲ, ಇಷ್ಟೇ ಅಲ್ವಾ ಸಮಸ್ಯೆ? ಅದಕ್ಕೇ ಅಂತ ಆರ್‌ಪಿಎಲ್ ಅಂತ ಒಂದಿದೆ, ಮೊದಲೇ ಕಲಿತಿರೋ ಕೆಲಸಕ್ಕೆ ಮಾನ್ಯತೆ ಕೊಡೋದು. ಕೆಲಸ ಕಲಿಸೋಕೆ ಅಂತ ಕೇಂದ್ರ ಸರ್ಕಾರ ನಡೆಸೋ ಪಿಎಂ ಕೌಶಲ ವಿಕಾಸ ಯೋಜನೆ ಒಳಗೇ ಬರುತ್ತೆ. ಅದೇ ಯೋಜನೆಯ ಹೊಸ ಟ್ರೈನಿಂಗ್‌ಗೆ 45 ವರ್ಷಕ್ಕೆ ಬಾಗಿಲು ಹಾಕಿದಾರೆ, ಆದ್ರೆ ಆರ್‌ಪಿಎಲ್‌ಗೆ 59ರವರೆಗೂ ಬಿಡ್ತಾರೆ. ಸ್ವಲ್ಪ ಓರಿಯೆಂಟೇಶನ್, ಆಮೇಲೆ ಅಸೆಸರ್ ಬಂದು ಮಷಿನ್ ಮುಂದೆ ನಿಲ್ಲಿಸಿ ಕೆಲಸ ಮಾಡ್ಸಿ ನೋಡ್ತಾರೆ, ನಾಲ್ಕು ಪ್ರಶ್ನೆ ಕೇಳ್ತಾರೆ. ಕಂಪನಿಯವ್ರು ಮನಸ್ಸು ಮಾಡಿದ್ರೆ ಒಂದು ಬ್ಯಾಚ್ ಜನಕ್ಕೆ ಅವ್ರ ಶೆಡ್‌ನಲ್ಲೇ ಮಾಡ್ಸಬೋದು. ಈ ಸರ್ಟಿಫಿಕೇಟ್ ಹತ್ತನೇ ಕ್ಲಾಸ್‌ಗೆ ಸಮ ಅಲ್ಲ, ದೊಡ್ಡ ಕಂಪನಿಗಳ ಎಚ್‌ಆರ್ ಎಷ್ಟೋ ಸಲ ಇದನ್ನ ತಿರುಗಿಯೂ ನೋಡಲ್ಲ. ವೇಮಗಲ್, ಮಾಲೂರು ಕಡೆ ಇರೋ ಸಣ್ಣ ಸಪ್ಲೈಯರ್ ಯೂನಿಟ್‌ಗಳಲ್ಲಿ ಮಾಲೀಕನೇ ಇಂಟರ್‌ವ್ಯೂ ಮಾಡೋದು, ಅಲ್ಲಿ ಇದಕ್ಕೆ ಬೆಲೆ ಇದೆ.

ಇನ್ನೊಂದು, ಇದು ದುಡ್ಡಿಲ್ದೆ ಇವತ್ತೇ ಮಾಡ್ಬೋದಾದ್ದು. ನಿಮ್ಮ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿ ಪಿಎಫ್ ವೆಬ್‌ಸೈಟ್‌ಗೆ ಲಾಗಿನ್ ಆಗಿ ಸರ್ವಿಸ್ ಹಿಸ್ಟರಿ ತೆಗೀರಿ. ಕಾಂಟ್ರಾಕ್ಟರ್ ಬದಲಾದಾಗೆಲ್ಲ ಹೊಸ ಹೆಸರು ಬಂದಿರುತ್ತೆ, ಯಾವ ತಾರೀಕಿಂದ ಯಾವ ತಾರೀಕಿಗೆ ಅಂತ ಸಾಲಾಗಿ ಇರುತ್ತೆ. ಕಾಂಟ್ರಾಕ್ಟರ್ ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡ್ಲಿಲ್ಲ ಅಂತ ಅಳೋದು ಬೇಡ, ಇಷ್ಟು ವರ್ಷ ಫ್ಯಾಕ್ಟರೀಲಿ ದುಡಿದಿದೀನಿ ಅನ್ನೋದಕ್ಕೆ ಅದೇ ಸಾಕ್ಷಿ. ಹೆಸರು, ಹುಟ್ಟಿದ ತಾರೀಕು ಆಧಾರ್‌ಗೆ ಮ್ಯಾಚ್ ಆಗ್ತಾ ಇಲ್ಲ ಅಂದ್ರೆ ಈಗ್ಲೇ ಸರಿ ಮಾಡ್ಸಿ.

ನಮ್ಮ ಜಿಲ್ಲೆಯೋರಿಗೆ ಇದು ಹೊಸ ಕಥೆ ಏನಲ್ಲ. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿದಾಗ ನಲವತ್ತು ಐವತ್ತರ ಆಸುಪಾಸಿನ ಕೆಲಸಗಾರರು ಎಷ್ಟು ಜನ ಇದ್ರು, ಭೂಮಿ ಒಳಗೆ ಮಷಿನ್ ನೋಡ್ಕೊಂಡಿದ್ದ ಕೈಗಳು, ಹೊರಗಿನ ಕಂಪನಿಗೆ ತೋರ್ಸೋಕೆ ಕಾಗದ ಇಲ್ದೆ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ ಹೋಗೋಹಾಗಾಯ್ತು.

ಪ್ರಶ್ನೆ: ನಮ್ಮೂರು ಶಿಡ್ಲಘಟ್ಟದ ಹತ್ರ. ಅಮ್ಮನಿಗೆ 47 ವರ್ಷ, ಸಣ್ಣ ವಯಸ್ಸಿಂದ ರೇಷ್ಮೆ ನೂಲು ತೆಗೆಯೋ ಕೆಲಸ. ಇತ್ತೀಚೆಗೆ ಕೆಲಸ ಕಡಿಮೆ, ದೊಡ್ಡ ಮಷಿನ್ ಬಂದಿದೆ. ಬಿಸಿನೀರಲ್ಲಿ ಕೈಯಿಟ್ಟು ಇಟ್ಟು ಬೆರಳೆಲ್ಲ ಬಿರುಕು ಬಿಟ್ಟಿದೆ. ಓದೋಕೆ ಬರಲ್ಲ, ಮನೇಲಿ ಮಾತಾಡೋದು ತೆಲುಗು, ಕನ್ನಡ ಮಾತಾಡೋಕೆ ಬರುತ್ತೆ. ಟೈಲರಿಂಗ್ ಕಲೀತೀನಿ ಅಂತಿದಾರೆ. ಎಲ್ಲಿ ಸೇರಿಸ್ಲಿ?

ಉತ್ತರ: ನೋಡಮ್ಮ, ಹೆಣ್ಮಕ್ಕಳಿಗೆ ಟ್ರೈನಿಂಗ್ ಅಂದ ತಕ್ಷಣ ಎಲ್ಲರೂ ಟೈಲರಿಂಗ್ ಮಷಿನ್ ಮುಂದೆ ಕೂರಿಸೋದು ನನಗೆ ಅಷ್ಟು ಇಷ್ಟ ಆಗಲ್ಲ. ನಿಮ್ಮ ಬೀದೀಲಿ ಬ್ಲೌಸ್ ಹೊಲಿಯೋರು ಎಷ್ಟು ಜನ ಇದಾರೆ, ಒಂದು ಬ್ಲೌಸ್‌ಗೆ ಎಷ್ಟು ತಗೋತಾರೆ, ಮದುವೆ ಸೀಸನ್ ಬಿಟ್ರೆ ಕೈಗೆ ಕೆಲಸ ಇರುತ್ತಾ, ಇದನ್ನ ಮೊದ್ಲು ನೀನೇ ಓಡಾಡಿ ವಿಚಾರಿಸು. ಅಷ್ಟಾದ್ಮೇಲೂ ಅಮ್ಮನಿಗೆ ಅದೇ ಇಷ್ಟ ಅಂದ್ರೆ ಪ್ರತಿ ಜಿಲ್ಲೇಲೂ ಬ್ಯಾಂಕ್‌ನೋರು ನಡೆಸೋ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಇದೆ, ಆರ್‌ಸೆಟಿ ಅಂತಾರೆ, ಉಜಿರೇಲಿ 1982ರಲ್ಲಿ ಶುರುವಾದ ರುಡ್‌ಸೆಟ್ ನೋಡ್ಕೊಂಡು ದೇಶಕ್ಕೆಲ್ಲಾ ಮಾಡಿದ್ದು. ಟ್ರೈನಿಂಗ್, ಊಟ, ವಸತಿ ಎಲ್ಲಾ ಫ್ರೀ. ತೊಂದರೆ ಏನಂದ್ರೆ ಅಲ್ಲೂ ವಯಸ್ಸಿನ ಗೆರೆ 45ರ ಆಸುಪಾಸಲ್ಲೇ ಇರೋದು. ಅಮ್ಮನ ಆಧಾರ್ ತಗೊಂಡು ಹೋಗಿ ಮುಖಾಮುಖಿ ಕೇಳು, ಬಿಪಿಎಲ್ ಕಾರ್ಡ್, ಸ್ತ್ರೀಶಕ್ತಿ ಸಂಘ ಏನಿದ್ರೂ ಹೇಳು.

ನಂಗೆ ಸಿಟ್ಟು ಬರೋದು ಇಲ್ಲೇ. ಪಿಎಫ್ ಪಿಂಚಣಿ ಶುರುವಾಗೋದು 58ಕ್ಕೆ, ಕೌಶಲ್ಯ ಯೋಜನೆಗಳು ನಿಲ್ಲೋದು 35ಕ್ಕೆ ಇಲ್ಲಾ 45ಕ್ಕೆ. ಮಧ್ಯದ ಹದಿಮೂರು ವರ್ಷ ಜನ ಏನ್ ಮಾಡ್ಬೇಕಂತೆ?

ಕೈಕಸುಬಿನೋರಿಗೆ ಅಂತ ಕೇಂದ್ರ ಸರ್ಕಾರ ಮಾಡಿರೋ ಪಿಎಂ ವಿಶ್ವಕರ್ಮ ಯೋಜನೇಲಿ ಆದ್ರೆ 18 ತುಂಬಿರಬೇಕು ಅಷ್ಟೇ, ಮೇಲಿನ ಮಿತಿ ಇಲ್ಲ, 18 ಕಸುಬಲ್ಲಿ ಟೈಲರ್ರೂ ಇದೆ, ಟ್ರೈನಿಂಗ್ ದಿನಕ್ಕೆ 500 ರೂಪಾಯಿ ಭತ್ಯೆ, 15 ಸಾವಿರದ ಸಾಮಾನಿನ ವೋಚರ್. ಆದ್ರೆ ಅದು ಆ ಕಸುಬು ಈಗಾಗ್ಲೇ ಮಾಡ್ತಿರೋರಿಗೆ. ಅಮ್ಮ ಟೈಲರ್ ಅಂತ ಸುಳ್ಳು ಬರೆಸೋಕೆ ಅರ್ಜಿ ತುಂಬೋ ಸಿಎಸ್‌ಸಿ ಸೆಂಟರ್‌ನೋನು ಒತ್ತಾಯ ಮಾಡಿದ್ರೂ ಬೇಡ, ಪಂಚಾಯ್ತಿ ಮಟ್ಟದಲ್ಲಿ ವೆರಿಫಿಕೇಶನ್ ಇದೆ. ಒಂದು ಮನೆಗೆ ಒಬ್ಬರಿಗೆ ಮಾತ್ರ ಸಿಗೋದು, ಹೀಗೆ ಹಾಳು ಮಾಡ್ಕೋಬೇಡಿ, ಮನೇಲಿ ಗಾರೆ ಕೆಲಸ, ಬಡಗಿ ಕೆಲಸ ಮಾಡೋರು ಇದ್ರೆ ಅವ್ರಿಗೆ ಇರ್ಲಿ.

ನಾನಾಗಿದ್ರೆ ಮೊದ್ಲು ಕೇಳೋದು ಆ ದೊಡ್ಡ ಮಷಿನ್ ಇರೋ ಕಡೆನೇ. ಆಟೋಮ್ಯಾಟಿಕ್ ರೀಲಿಂಗ್ ಯೂನಿಟ್ ಅಂದ್ರೂ ಮನುಷ್ಯರು ಬೇಕೇ ಬೇಕು, ಗೂಡು ಬೆಂದಿದ್ದು ಹದ ಆಯ್ತಾ ಇಲ್ವಾ ನೋಡೋಕೆ, ಎಳೆ ಕಿತ್ತೋದ್ರೆ ಹುಡುಕಿ ಕೊಡೋಕೆ. ಬೇಯಿಸಿದ ಗೂಡಿನ ಮೇಲೆ ಕೈಯಾಡಿಸಿ ಹೊರಗಿನ ಸಿಕ್ಕು ಎಳೆ ತೆಗೆದು ಒಳಗಿನ ಒಂದೇ ಎಳೆ ಹಿಡ್ಕೊಳೋದು ಇದೆಯಲ್ಲ, ಅದು ಇಪ್ಪತ್ತು ವರ್ಷದ ಹುಡುಗಿಗೆ ಒಂದು ವಾರಕ್ಕೆ ಬರೋ ವಿದ್ಯೆ ಅಲ್ಲ. ಜೀರೋದಿಂದ ಹೊಲಿಗೆ ಕಲಿಯೋ ಬದ್ಲು ಈ ಕೈಗೆ ಅಲ್ಲಿ ಎಷ್ಟು ಕೊಡ್ತಾರೆ, ಬಿಸಿನೀರಿನ ಕೆಲಸ ಕಡಿಮೆ ಇರೋ ಜಾಗ ಯಾವುದು ಅಂತ ಕೇಳು. ಬೆರಳನ್ನ ಮಾತ್ರ ಚರ್ಮದ ಡಾಕ್ಟರ್‌ಗೆ ತೋರ್ಸಿ, ಮುಂದೂಡಬೇಡ.

ಮತ್ತೆ ಓದು. ಉಲ್ಲಾಸ್ ಅಂತ ವಯಸ್ಕರ ಸಾಕ್ಷರತಾ ಕಾರ್ಯಕ್ರಮ 2022ರಿಂದ ನಡೀತಿದೆ, 15 ದಾಟಿದ ಯಾರು ಬೇಕಾದ್ರೂ ಸೇರ್ಬೋದು, ನಮ್ಮಲ್ಲಿ ಲೋಕ ಶಿಕ್ಷಣ ಇಲಾಖೆಯೋರು ನೋಡ್ಕೋತಾರೆ. ಕೊನೇಲಿ ಓದು, ಬರಹ, ಲೆಕ್ಕ ತಲಾ 50ರಂತೆ 150 ಅಂಕದ ಪರೀಕ್ಷೆ, ಸರ್ಟಿಫಿಕೇಟ್ ಸಿಗುತ್ತೆ. ಪಂಚಾಯ್ತೀಲಿ, ಊರಿನ ಸರ್ಕಾರಿ ಶಾಲೇಲಿ ವಿಚಾರಿಸು. ಅಲ್ಲಿ ಕಲಿಸೋದು ಸ್ವಯಂಸೇವಕರು, ಅಂದ್ರೆ ನೀನೇ ನಿಮ್ಮಮ್ಮನಿಗೂ ಪಕ್ಕದ ಮನೆಯ ಇನ್ನಿಬ್ಬರಿಗೂ ಕಲಿಸೋಕೆ ಹೆಸರು ಕೊಡ್ಬೋದು. ಗೂಡಿನ ಮಾರ್ಕೆಟ್ ಚೀಟಿ, ಬಸ್ ಬೋರ್ಡು, ಕೂಲಿ ಲೆಕ್ಕದ ಪುಸ್ತಕ, ಇದ್ರಿಂದ ಶುರು ಮಾಡು. ಅ ಆ ಇ ಈ ತಿದ್ದಿಸೋಕೆ ಹೋದ್ರೆ ಮೂರನೇ ದಿನಕ್ಕೆ ಎದ್ದು ಹೋಗ್ತಾರೆ. ಚಿಕ್ಕಬಳ್ಳಾಪುರಕ್ಕೋ ಚಿಂತಾಮಣಿಗೋ ಟ್ರೈನಿಂಗ್‌ಗೆ ಓಡಾಡ್ಬೇಕಾದ್ರೂ ಶಕ್ತಿ ಯೋಜನೆ ಇರೋದ್ರಿಂದ ಬಸ್ ಚಾರ್ಜ್ ಚಿಂತೆ ಇಲ್ಲ.

ಪ್ರಶ್ನೆ: ತುಮಕೂರು ವಸಂತನರಸಾಪುರದಲ್ಲಿ ಸಣ್ಣ ಯೂನಿಟ್ ನಡೆಸ್ತೀನಿ. ಹಳೇ ಕೆಲಸಗಾರರು ಹತ್ತು ಹನ್ನೆರಡು ಜನ, ಎಲ್ಲಾ ಐವತ್ತರ ಆಸುಪಾಸು. ಹೊಸ ಮಷಿನ್‌ಗಳಲ್ಲಿ ಸ್ಕ್ರೀನ್ ಬಂದಿದೆ. ಟ್ರೈನರ್ ಕರೆಸಿ ಎರಡು ದಿನ ಕ್ಲಾಸ್ ಮಾಡ್ಸಿದೆ, ಒಬ್ರಿಗೂ ತಲೆಗೆ ಹೋಗ್ಲಿಲ್ಲ. ಹುಡುಗರನ್ನ ತಗೊಳೋದೇ ವಾಸಿನಾ?

ಉತ್ತರ: ಸರ್, ಒಂದು ಕೇಳ್ತೀನಿ, ಅವ್ರಲ್ಲಿ ಎಷ್ಟು ಜನ ಕನ್ನಡಕ ಹಾಕ್ತಾರೆ? ನಲವತ್ತು ದಾಟಿದ್ಮೇಲೆ ಎಲ್ಲರಿಗೂ ಹತ್ತಿರದ ಅಕ್ಷರ ಮಸುಕಾಗೋಕೆ ಶುರುವಾಗುತ್ತೆ, ಆಫೀಸಲ್ಲಿ ಇರೋರು ಪವರ್ ಗ್ಲಾಸ್ ಹಾಕ್ಕೋತಾರೆ, ಶಾಪ್ ಫ್ಲೋರ್‌ನಲ್ಲಿ ಇರೋರು ವಯಸ್ಸಾಯ್ತು ಅಂತ ಕೆಲಸದಿಂದ ತೆಗೆದ್ರೆ ಅಂತ ಹೆದ್ರಿ ಬಾಯಿ ಬಿಡಲ್ಲ, ಸ್ಕ್ರೀನ್ ಮುಂದೆ ನಿಂತು ಕಣ್ಣು ಕಿರಿದು ಮಾಡ್ತಾರೆ, ನೀವು ಅರ್ಥ ಆಗ್ತಿಲ್ಲ ಅಂದ್ಕೋತೀರಿ. ಮೊದ್ಲು ಒಂದು ಕಣ್ಣಿನ ಕ್ಯಾಂಪ್ ಮಾಡ್ಸಿ. ಓದೋ ಕನ್ನಡಕ ಏನು ಭಾರಿ ಬೆಲೆ ಅಲ್ಲ, ಟ್ರೈನರ್‌ಗೆ ಕೊಟ್ಟ ದುಡ್ಡಿನ ಮುಂದೆ ಏನೂ ಅಲ್ಲ.

ಎರಡನೇದು, ಕ್ಲಾಸ್‌ರೂಮ್ ಬೇಡ. ಪ್ರೊಜೆಕ್ಟರ್, ಇಂಗ್ಲಿಷ್ ಸ್ಲೈಡು, ಮಗನ ವಯಸ್ಸಿನ ಟ್ರೈನರ್ರು "ಅರ್ಥ ಆಯ್ತಾ ಅಂಕಲ್" ಅಂತ ಎಲ್ಲರ ಮುಂದೆ ಕೇಳಿದ್ರೆ ಯಾರು ತಾನೆ ಇಲ್ಲ ಅಂತಾರೆ. ಅವ್ರು ದಿನಾ ನಿಲ್ಲೋ ಮಷಿನ್ ಹತ್ರನೇ, ಶಿಫ್ಟ್ ಒಳಗೇ, ಸಂಬಳದ ಟೈಮಲ್ಲೇ ದಿನಕ್ಕೆ ಅರ್ಧ ಗಂಟೆ ಕೊಡಿ, ಶಿಫ್ಟ್ ಮುಗಿದ್ಮೇಲೆ ನಿಲ್ಲಿಸ್ಕೋಬೇಡಿ, ಬಸ್ ತಪ್ಪುತ್ತೆ ಅನ್ನೋ ತಲೆಬಿಸೀಲಿ ಏನೂ ಕಲಿಯೋಕಾಗಲ್ಲ. ಸ್ಕ್ರೀನ್‌ನಲ್ಲಿ ಬರೋ ಅಲಾರಂ ಇಪ್ಪತ್ತು ಮೂವತ್ತು ಇರಬೋದು, ದಿನಾ ಬರೋದು ಐದಾರು. ಆ ಐದಾರರ ಫೋಟೋ ತೆಗೆದು, ಪಕ್ಕದಲ್ಲಿ ಕನ್ನಡದಲ್ಲಿ "ಎಣ್ಣೆ ಕಡಿಮೆ, ನಿಲ್ಸು, ಇದನ್ನ ಒತ್ತು" ಅಂತ ದಪ್ಪ ಅಕ್ಷರದಲ್ಲಿ ಬರೆಸಿ ಮಷಿನ್‌ಗೇ ಅಂಟಿಸಿ. ಅವ್ರಲ್ಲೇ ಬೇಗ ಹಿಡಿದೋನು ಒಬ್ಬ ಇರ್ತಾನೆ, ಅವನಿಗೆ ಎರಡು ವಾರ ಜಾಸ್ತಿ ಕಲ್ಸಿ, ಉಳಿದೋರಿಗೆ ಅವನೇ ಹೇಳ್ಕೊಡ್ಲಿ. ಹೊರಗಿನ ಸಹಾಯ ಬೇಕಂದ್ರೆ ತುಮಕೂರಲ್ಲೇ ಮಷಿನ್ ಕೆಲಸ ಕಲಿಸೋ ಸರ್ಕಾರಿ ಸಂಸ್ಥೆ ಜಿಟಿಟಿಸಿ ಇದೆ, ಸರ್ಕಾರಿ ಐಟಿಐ ಇದೆ, ನಿಮ್ಮ ಮಷಿನ್‌ಗೆ ತಕ್ಕ ಶಾರ್ಟ್ ಟರ್ಮ್ ಬ್ಯಾಚ್ ಮಾಡ್ತಾರಾ ಕೇಳಿ.

ಹುಡುಗರನ್ನ ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಮಷಿನ್ ಸದ್ದಲ್ಲಿ ವ್ಯತ್ಯಾಸ ಬಂದಿದ್ದು ಕೇಳಿ ಬೇರಿಂಗ್ ಹೋಗ್ತಿದೆ ಅಂತ ಹೇಳೋನು ನಿಮ್ಮ ಐವತ್ತರೋನೇ, ಹುಡುಗ ಸ್ಕ್ರೀನ್‌ನಲ್ಲಿ ಕೆಂಪು ಬರೋವರೆಗೂ ಕಾಯ್ತಾನೆ. ಇಬ್ಬರನ್ನೂ ಒಂದೇ ಮಷಿನ್‌ಗೆ ಜೋಡಿ ಮಾಡಿ ಹಾಕಿ ನೋಡಿ.

ಪ್ರಶ್ನೆ: ಗುಬ್ಬಿ ಕಡೆಯೋನು, 49 ವರ್ಷ, ನಾಲ್ಕನೇ ಕ್ಲಾಸು. ಟ್ರಾಕ್ಟರ್, ಟಾಟಾ ಏಸ್ ಓಡಿಸ್ತೀನಿ. ಹೆವಿ ಲೈಸೆನ್ಸ್‌ಗೆ ಎಂಟನೇ ಕ್ಲಾಸ್ ಬೇಕು ಅಂತ ಏಜೆಂಟ್ ದುಡ್ಡು ಕೇಳ್ತಾನೆ.

ಉತ್ತರ: ಆ ರೂಲ್ಸು 2019ರಲ್ಲೇ ತೆಗೆದಾಯ್ತಣ್ಣ, ಏಜೆಂಟ್‌ಗೆ ಗೊತ್ತಿಲ್ಲ ಅಂತ ನಾನು ನಂಬಲ್ಲ. ಈಗ ಡ್ರೈವಿಂಗ್ ಲೈಸೆನ್ಸ್‌ಗೆ ಓದಿನ ಸರ್ಟಿಫಿಕೇಟ್ ಕೇಳೋಹಾಗಿಲ್ಲ. ನೀವು ಎಲ್‌ಎಂವಿ, ಅಂದ್ರೆ ಲಘು ವಾಹನದ ಲೈಸೆನ್ಸ್ ತಗೊಂಡು ಒಂದು ವರ್ಷ ಆಗಿರ್ಬೇಕು, ಡಾಕ್ಟರ್ ಸಹಿ ಮಾಡಿದ ಮೆಡಿಕಲ್ ಫಾರಂ 1ಎ ಬೇಕು, ಮಾನ್ಯತೆ ಇರೋ ಡ್ರೈವಿಂಗ್ ಸ್ಕೂಲ್‌ನಲ್ಲಿ ಟ್ರೈನಿಂಗ್ ತಗೊಂಡ ಸರ್ಟಿಫಿಕೇಟ್ ಬೇಕು. ಸ್ಕೂಲ್ ಬದ್ಲು ಏಜೆಂಟ್ ಹತ್ರ ಸರ್ಟಿಫಿಕೇಟ್ ಮಾತ್ರ ಕೊಂಡ್ಕೋಬೇಡಿ, ಹತ್ತು ಚಕ್ರದ ಗಾಡಿ ರಿವರ್ಸ್ ತಗೊಳೋದು ಏಸ್ ಥರ ಅಲ್ಲ. ಪೆಟ್ರೋಲ್, ಗ್ಯಾಸ್ ಟ್ಯಾಂಕರ್ ಓಡಿಸ್ತೀನಿ ಅಂದ್ರೆ ಮಾತ್ರ ಬೇರೆ ಟ್ರೈನಿಂಗ್ ಇದೆ, ಅದಕ್ಕೆ ಒಂದು ಭಾರತೀಯ ಭಾಷೆ ಜೊತೆ ಇಂಗ್ಲಿಷ್ ಓದು ಬರಹ ಬರ್ಬೇಕು, ಸದ್ಯಕ್ಕೆ ಆ ಆಸೆ ಬಿಡಿ. ಕಣ್ಣಿನ ಟೆಸ್ಟ್ ಮಾಡ್ಸ್ಕೊಂಡು ನೇರವಾಗಿ ತುಮಕೂರು ಆರ್‌ಟಿಓಗೆ ಹೋಗಿ, ಫೀಸ್ ಎಷ್ಟು ಅಂತ ಅಲ್ಲಿ ಬೋರ್ಡ್‌ನಲ್ಲೇ ಬರ್ದಿರ್ತಾರೆ.