ಹೆಬ್ರಿಯ ಪುಟ್ಟ ದುಂಬಿಗೆ ಫೋಟೋ ಸಾಲದು

ಹೆಬ್ರಿಯ ನಿಮ್ಮ ತೋಟದ ತರಗೆಲೆಯಲ್ಲಿ ಸಿಕ್ಕ ಒಂದು ಮಿಲಿಮೀಟರಿನ ದುಂಬಿ ಹೊಸ ಪ್ರಭೇದವಾ, ಫೋಟೋ ಸಾಕಾ ಅಂತ ಕೇಳಿದ್ದೀರಿ. ಸಾಲದು ಮಾರಾಯ್ರೇ. ಇಷ್ಟು ಚಿಕ್ಕ ದುಂಬಿಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ, ಹಾಗಾಗಿ ಹೆಚ್ಚಾಗಿ ಗಂಡಿನ ಜನನಾಂಗವನ್ನು ಬಿಡಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿ, ಹತ್ತಿರದ ಪ್ರಭೇದಗಳ ಜೊತೆ ಹೋಲಿಸಿದ ಮೇಲೆಯೇ ತಜ್ಞರು ಹೊಸದು ಅನ್ನುತ್ತಾರೆ. ನೀವು ಈಗ ಅದನ್ನು ಆಲ್ಕೋಹಾಲಿನಲ್ಲಿ ಇಡಿ. ಒಳಗೇ ಒಂದು ಚೀಟಿ ಹಾಕಿ, ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಕರಗಿಬಿಡುತ್ತದೆ: ಜಾಗ, ತಾರೀಕು, ಎಂಥ ಎಲೆಯಡಿ ಸಿಕ್ಕಿತು. ಚೀಟಿ ಇಲ್ಲದ ಹುಳ ಸಂಶೋಧನೆಗೆ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ, ಇದೊಂದನ್ನು ದಯವಿಟ್ಟು ಮರೆಯಬೇಡಿ. ಸೋಮೇಶ್ವರ ಅಭಯಾರಣ್ಯದೊಳಗೆ ಮಾತ್ರ ಅನುಮತಿ ಇಲ್ಲದೆ ಹಿಡಿಯಬೇಡಿ. ಆಮೇಲೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಗೆ ಬರೆಯಿರಿ. ಹೊಸದೇ ಆದರೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಮಾದರಿಯನ್ನು ಆ ಸಂಸ್ಥೆಯಂಥ, ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೇ ಒಪ್ಪಿಸಬೇಕು.